ಬನ್‌ಬಸಾ ದಾಟದ ಒಂದು ಚೀಟಿ

ಗೆ,
ಮಾನ್ಯ ಕೇಂದ್ರ ಆರೋಗ್ಯ ಸಚಿವರು, ಭಾರತ ಸರ್ಕಾರ, ಹೊಸದಿಲ್ಲಿ
ಮಾನ್ಯ ಆರೋಗ್ಯ ಸಚಿವರು, ನೇಪಾಳ ಸರ್ಕಾರ, ಕಾಠ್ಮಂಡು

ವಿಷಯ: ಗಡಿ ದಾಟುವ ಕ್ಷಯ ರೋಗಿಗಳ ಚಿಕಿತ್ಸೆ ನಡುವೆ ತುಂಡಾಗದಂತೆ ನೋಡಿಕೊಳ್ಳುವ ಬಗ್ಗೆ.

ಮಾನ್ಯರೇ,

ನಾನು ಕಾರ್ಕಳ ಕಡೆಯವನು. ಮುಂಬಯಿಗೆ ಬಂದದ್ದು 1984ರಲ್ಲಿ, ಹದಿನಾರನೇ ವಯಸ್ಸಿಗೆ. ಮೊದಲು ಹೋಟೆಲಿನ ಮೋರಿಯಲ್ಲಿ ಕಪ್ಪು ಬಸಿ ತೊಳೆದೆ. ಆಮೇಲೆ ಮಾಣಿಯಾದೆ. ಕನ್ನಡ ರಾತ್ರಿ ಶಾಲೆಯಲ್ಲಿ ಓದಿದೆ. ಲೆಕ್ಕ ಬರುತ್ತದೆ ಅಂತ ಗೊತ್ತಾದ ಮೇಲೆ ಧಣಿಗಳು ಗಲ್ಲೆಯಲ್ಲಿ ಕೂರಿಸಿದರು. ಇಪ್ಪತ್ತೆರಡು ವರ್ಷ ಅಲ್ಲೇ ಕೂತೆ. ಹೋದ ವರ್ಷ ಮೊಣಕಾಲು ಕೈಕೊಟ್ಟ ಮೇಲೆ ಮನೆ ಸೇರಿದ್ದೇನೆ. ಆದರೂ ಸಂಜೆ ಹೋಟೆಲಿಗೆ ಹೋಗಿ ಒಂದು ಕಾಫಿ ಕುಡಿಯದಿದ್ದರೆ ನಿದ್ದೆ ಬರುವುದಿಲ್ಲ.

ಇದನ್ನು ಯಾಕೆ ಹೇಳಿದೆನೆಂದರೆ, ನಾನು ಡಾಕ್ಟರಲ್ಲ, ಸಂಘ ಸಂಸ್ಥೆಯ ಅಧ್ಯಕ್ಷನೂ ಅಲ್ಲ. ಕಣ್ಣಾರೆ ಕಂಡದ್ದನ್ನು ಬರೆಯುತ್ತಿದ್ದೇನೆ. ಕನ್ನಡದಲ್ಲೇ ಬರೆಯುತ್ತಿದ್ದೇನೆ. ನಿಮ್ಮ ಬಳಿ ಅನುವಾದಕರಿದ್ದಾರೆ. ನಮ್ಮ ಹೋಟೆಲಿನವರ ಬಳಿ ಇಲ್ಲ. ಅವರೂ ಇದನ್ನು ಓದಬೇಕು ಅನ್ನುವುದು ನನ್ನ ಆಸೆ.

ಮುಂಬಯಿಯ ಉಡುಪಿ ಹೋಟೆಲುಗಳ ಅಡುಗೆಮನೆಯಲ್ಲಿ ಈಗ ತುಳು, ಕನ್ನಡ ಕೇಳುವುದು ಅಪರೂಪ. ನಮ್ಮ ಹುಡುಗರು ಓದಿದರು, ಬೆಂಗಳೂರಿಗೆ ಹೋದರು, ದುಬೈಗೆ ಹೋದರು. ಒಳ್ಳೆಯದೇ ಆಯಿತು. ಅವರ ಜಾಗಕ್ಕೆ ಒಡಿಶಾದವರು ಬಂದರು, ಉತ್ತರ ಪ್ರದೇಶದವರು ಬಂದರು, ನೇಪಾಳದವರು ಬಂದರು. ನಾನು ಕೂತಿದ್ದ ಹೋಟೆಲಿನಲ್ಲಿ ದೋಸೆ ಕಾವಲಿಯ ಮುಂದೆ ಹತ್ತು ವರ್ಷದಿಂದ ನಿಂತಿರುವವನು ನೇಪಾಳದವನೇ. ಅವನ ಮಸಾಲೆ ದೋಸೆ ತಿಂದ ಗಿರಾಕಿ ‘ಯಾವೂರು ಭಟ್ರು ಮಾರಾಯ್ರೆ?’ ಅಂತ ಕೇಳಿದ್ದುಂಟು. ಎಲ್ಲರಿಗೂ ನಾವಿಟ್ಟ ಹೆಸರು ಒಂದೇ, ಬಹಾದ್ದೂರ್. ನಿಜವಾದ ಹೆಸರು ಕೇಳುವ ಪುರುಸೊತ್ತು ಯಾರಿಗೂ ಇರಲಿಲ್ಲ. ನನಗೂ ಇರಲಿಲ್ಲ, ಒಬ್ಬನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಫಾರಂ ತುಂಬುವವರೆಗೆ.

ಆ ಹುಡುಗನ ಕತೆಯೇ ಈ ಪತ್ರಕ್ಕೆ ಕಾರಣ. ಹೆಸರು ಬರೆಯುವುದಿಲ್ಲ. ಹೋಟೆಲಿನದೂ ಇಲ್ಲ, ಆಸ್ಪತ್ರೆಯದೂ ಇಲ್ಲ. ಯಾರನ್ನೋ ಹಿಡಿದು ಬೈಯುವುದು ನನ್ನ ಉದ್ದೇಶವಲ್ಲ.

2023ರ ಮಳೆಗಾಲ. ಅವನಿಗೆ ಇಪ್ಪತ್ಮೂರು ವರ್ಷ. ಪಶ್ಚಿಮ ನೇಪಾಳದ ಅಛಾಮ್ ಜಿಲ್ಲೆಯವನು. ಮೂರು ವಾರದಿಂದ ಕೆಮ್ಮುತ್ತಿದ್ದ. ಒಗ್ಗರಣೆ ಹೊಗೆ ಅಂದುಕೊಂಡೆವು. ಆಮೇಲೆ ಅಂಗಿ ದೊಗಳೆಯಾಯಿತು. ರಾತ್ರಿ ಬೆವರಿ ಹಾಸಿಗೆ ಒದ್ದೆಯಾಗುತ್ತದೆ ಅಂತ ಅವನ ಜೊತೆಯವನು ಬಂದು ನನ್ನ ಕಿವಿಯಲ್ಲಿ ಹೇಳಿದ. ಹತ್ತಿರದ ಮುನಿಸಿಪಾಲ್ಟಿ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋದೆ. ಕಫ ಕೊಟ್ಟ. ಮಷಿನ್ನಿನಲ್ಲಿ ಹಾಕಿ ನೋಡಿ ಕ್ಷಯ ಅಂದರು. ‘ಆದರೆ ಮಾಮೂಲಿ ಔಷಧಕ್ಕೆ ಬಗ್ಗುವ ಜಾತಿ, ಹೆದರಬೇಡಿ’ ಅಂತಲೂ ಅಂದರು.

ಇಲ್ಲಿ ಒಂದು ಮಾತು ಹೇಳಲೇಬೇಕು. ಆ ಕೇಂದ್ರದವರು ಅವನನ್ನು ಚೆನ್ನಾಗಿ ನೋಡಿಕೊಂಡರು. ನೇಪಾಳದವನು ಅಂತ ತಿರುಗಿ ಕಳಿಸಲಿಲ್ಲ. ಒಂದು ಪೈಸೆ ಕೇಳಲಿಲ್ಲ. ಆರು ತಿಂಗಳ ಕೋರ್ಸು. ಮೊದಲ ಎರಡು ತಿಂಗಳು ನಾಲ್ಕು ಔಷಧ ಸೇರಿದ ಮಾತ್ರೆ, ಆಮೇಲೆ ನಾಲ್ಕು ತಿಂಗಳು ಮೂರು ಔಷಧದ್ದು. ಮೊದಲನೇ ದಿನ ಮೂತ್ರ ಕೆಂಪಗೆ ಹೋಯಿತು ಅಂತ ಅವನು ಗಾಬರಿಯಾಗಿ ಓಡಿಬಂದ. ಅದು ರಿಫಾಂಪಿಸಿನ್ ಅನ್ನುವ ಔಷಧದ ಬಣ್ಣ, ರಕ್ತ ಅಲ್ಲ ಅಂತ ಅಲ್ಲಿನ ನರ್ಸಮ್ಮ ನಕ್ಕು ಸಮಾಧಾನ ಮಾಡಿದರು. ಸರ್ಕಾರ ಆಗ ಕ್ಷಯ ರೋಗಿಗೆ ತಿಂಗಳಿಗೆ 500 ರೂಪಾಯಿ ಪೌಷ್ಟಿಕ ಆಹಾರಕ್ಕೆ ಕೊಡುತ್ತಿತ್ತು. ಈಗ ಅದು 1000. ಅವನಿಗೆ ಅದು ಬರಲಿಲ್ಲ. ಆಧಾರ್ ಇರಲಿಲ್ಲ, ಬ್ಯಾಂಕ್ ಖಾತೆ ಇರಲಿಲ್ಲ. ಹೋಗಲಿ, ಹೋಟೆಲಿನಲ್ಲಿ ಊಟಕ್ಕೇನು ಬರ ಅಂತ ನಾನೂ ಸುಮ್ಮನಾದೆ.

ಎರಡು ತಿಂಗಳಲ್ಲಿ ಹುಡುಗ ಮೈತುಂಬಿಕೊಂಡ. ಅಕ್ಟೋಬರ್ ಬಂತು. ನೇಪಾಳದವರಿಗೆ ದಸೈಂ ಅಂದರೆ ನಮಗೆ ಹೇಗೆ ದೀಪಾವಳಿಯೋ, ಭೂತಕೋಲವೋ ಹಾಗೆ. ಊರಿಗೆ ಹೋಗಲೇಬೇಕು. ಕೇಂದ್ರಕ್ಕೆ ಹೋಗಿ ಹೇಳಿದೆವು. ನರ್ಸಮ್ಮ ಕಂಪ್ಯೂಟರ್ ತೆರೆದರು. ನಿಕ್ಷಯ್ ಅಂತ ಇದೆಯಲ್ಲ, ದೇಶದ ಕ್ಷಯ ರೋಗಿಗಳ ಲೆಕ್ಕ ಇಡುವುದು, ಅದು. ರೋಗಿ ಬಿಹಾರಕ್ಕೆ ಹೋದರೆ ಬಿಹಾರದ ಕೇಂದ್ರಕ್ಕೆ, ಉಡುಪಿಗೆ ಹೋದರೆ ಉಡುಪಿಯ ಕೇಂದ್ರಕ್ಕೆ ಅದರಲ್ಲಿ ದಾಟಿಸಬಹುದು. ಆಕೆ ಅಛಾಮ್ ಹುಡುಕಿದರು. ನೇಪಾಳ ಹುಡುಕಿದರು. ಸಿಗಲಿಲ್ಲ. ‘ಪಟ್ಟಿಯಲ್ಲಿ ಇಲ್ಲ ಅಣ್ಣಾ’ ಅಂದರು. ಕೊನೆಗೆ ಒಂದು ತಿಂಗಳ ಮಾತ್ರೆ ಕೊಟ್ಟು, ಒಂದು ಚೀಟಿ ಬರೆದು ಕೊಟ್ಟರು. ಅರ್ಧ ಮರಾಠಿ, ಅರ್ಧ ಇಂಗ್ಲಿಷಿನ ಚುಟುಕು ಅಕ್ಷರಗಳು. ತಮ್ಮ ಕೈಲಾದದ್ದನ್ನು ಅವರು ಮಾಡಿದರು.

ಮುಂಬಯಿಯಿಂದ ದಿಲ್ಲಿ ರೈಲು. ಅಲ್ಲಿಂದ ಬಸ್ಸಿನಲ್ಲಿ ಗಡಿಯ ಊರು ಬನ್‌ಬಸಾ. ಅಲ್ಲೊಂದು ಹಳೆಯ ಅಣೆಕಟ್ಟೆ. ನದಿಗೆ ಈ ಕಡೆ ಶಾರದಾ ಅಂತ ಹೆಸರು, ಆ ಕಡೆ ಮಹಾಕಾಳಿ. ಸೇತುವೆಯ ಮೇಲೆ ನಡೆದುಹೋದರೆ ಮುಗಿಯಿತು, ನೇಪಾಳ. ಪಾಸ್‌ಪೋರ್ಟ್ ಬೇಡ, ವೀಸಾ ಬೇಡ. ಭಾರತ, ನೇಪಾಳ ಮಾಡಿಕೊಂಡ 1950ರ ಒಪ್ಪಂದದಿಂದ ಬಂದ ಸೌಕರ್ಯ. ಅಲ್ಲಿಂದ ಮತ್ತೆ ಬಸ್ಸು ಹತ್ತಿ ಬೆಟ್ಟ ಸುತ್ತಿ ಸುತ್ತಿ ಅಛಾಮ್. ಅವನ ಊರಿನಿಂದ ಆರೋಗ್ಯ ಚೌಕಿಗೆ ಅರ್ಧ ದಿನದ ನಡಿಗೆ. ಹಬ್ಬ ಮುಗಿಸಿ ಹೋದ. ಅಲ್ಲಿದ್ದವರು ಚೀಟಿಯನ್ನು ತಿರುಗಿಸಿ ತಿರುಗಿಸಿ ನೋಡಿದರಂತೆ. ಮರಾಠಿಯೂ ನೇಪಾಳಿಯೂ ಒಂದೇ ನಾಗರಿ ಲಿಪಿ. ಅಕ್ಷರ ಓದಲು ಬಂತು, ಅರ್ಥ ಆಗಲಿಲ್ಲ. ಎಷ್ಟು ಮಾತ್ರೆ ಆಗಿದೆ, ಯಾವ ಹಂತ, ಮೊದಲ ಪರೀಕ್ಷೆಯಲ್ಲಿ ಏನು ಬಂದಿತ್ತು, ಗೊತ್ತಾಗಲಿಲ್ಲ. ನಮ್ಮ ರಿಜಿಸ್ಟರಿನಲ್ಲಿ ನಿನ್ನ ನಂಬರಿಲ್ಲ, ಜಿಲ್ಲಾ ಆಸ್ಪತ್ರೆಗೆ ಹೋಗಿ ಮೊದಲಿಂದ ಪರೀಕ್ಷೆ ಮಾಡಿಸಿಕೊಂಡು ಬಾ ಅಂದರು. ಅವರದೂ ತಪ್ಪು ಅನ್ನಲಾರೆ. ಹುಡುಗನಿಗೆ ಕೆಮ್ಮು ನಿಂತಿತ್ತು. ಹೊಲದ ಕೆಲಸ ಇತ್ತು. ಹೋಗಲಿಲ್ಲ. ಇದ್ದ ಮಾತ್ರೆ ಮುಗಿಯಿತು.

ಮಾರ್ಚಿನಲ್ಲಿ ತಿರುಗಿ ಬಂದ. ಮೇ ತಿಂಗಳಲ್ಲಿ ಮೋರಿಯಲ್ಲಿ ಕೆಮ್ಮಿದಾಗ ರಕ್ತ ಬಿತ್ತು. ಅದೇ ಕೇಂದ್ರ, ಅದೇ ಮಷಿನ್ನು. ಈ ಸಲ ರಿಫಾಂಪಿಸಿನ್ನಿಗೆ ರೋಗ ಬಗ್ಗುವುದಿಲ್ಲ ಅಂತ ಬಂತು. ಮಾತ್ರೆ ನಿಲ್ಲಿಸಿದ್ದರಿಂದಲೇ ಹೀಗಾಯಿತೋ, ಬೇರೆಯವರಿಂದ ಹೊಸದಾಗಿ ಹತ್ತಿತೋ, ಡಾಕ್ಟರು ಖಡಾಖಂಡಿತವಾಗಿ ಹೇಳಲಿಲ್ಲ. ಆದರೆ ಎಂಟು ತಿಂಗಳ ಹಿಂದೆ ಬಗ್ಗುತ್ತಿದ್ದ ರೋಗ ಈಗ ಬಗ್ಗುತ್ತಿಲ್ಲ, ಅಷ್ಟು ಮಾತ್ರ ನಿಜ. ಆರು ತಿಂಗಳಲ್ಲಿ ಮುಗಿಯಬೇಕಿದ್ದದ್ದು ಹದಿನೆಂಟು ತಿಂಗಳಿಗೆ ಹೋಯಿತು. ಮಾತ್ರೆ ನುಂಗಿ ವಾಂತಿ, ಕಾಲು ಜುಮುಜುಮು, ನಿದ್ದೆ ಇಲ್ಲ. ದಿನಕ್ಕೆ ಹದಿನಾಲ್ಕು ಗಂಟೆ ನಿಲ್ಲುತ್ತಿದ್ದ ಹುಡುಗ ಗೋಡೆ ಹಿಡಿದು ನಡೆಯುವ ಹಾಗಾದ. ಅವನ ಖೋಲಿಯಲ್ಲಿ ಹನ್ನೊಂದು ಜನ ಮಲಗುತ್ತಿದ್ದರು. ಎಲ್ಲರಿಗೂ ಎಕ್ಸ್‌ರೇ ಮಾಡಿಸಿದೆವು. ಆ ಸಲ ಯಾರಿಗೂ ಏನೂ ಬರಲಿಲ್ಲ. ಊರಿನಲ್ಲಿ ಅವನ ಮನೆಯವರಿಗೆ ಎಕ್ಸ್‌ರೇ ಮಾಡಿಸಿದವರು ಯಾರೂ ಇಲ್ಲ.

ಮಾನ್ಯರೇ, ಇದನ್ನು ನೋಡುವಾಗ ನನಗೆ ನೆನಪಾದದ್ದು ನನ್ನ ದೊಡ್ಡ ಮಾವ. ಅವರೂ ಬೊಂಬಾಯಿ ಹೋಟೆಲಿನವರೇ. 1971ರಲ್ಲಿ ಅವರಿಗೆ ಕ್ಷಯ ಆಯಿತು. ಆಗ ನಮ್ಮ ಕಡೆ ಆ ಹೆಸರು ಎತ್ತುತ್ತಿರಲಿಲ್ಲ, ‘ದೊಡ್ಡ ಕೆಮ್ಮು’ ಅನ್ನುತ್ತಿದ್ದರು. ಅವರೂ ಊರಿಗೆ ಬಂದರು, ಅವರ ಕೈಯಲ್ಲೂ ಒಂದು ಚೀಟಿ ಇತ್ತು. ಮಂಗಳೂರಿನಲ್ಲಿ ಆ ಚೀಟಿ ನಡೆಯಿತು. ಇಷ್ಟು ಸೂಜಿ ಆಗಿದೆ, ಇನ್ನು ಇಷ್ಟು ಬಾಕಿ ಅಂತ ಲೆಕ್ಕ ಹಾಕಿ ಮುಂದುವರಿಸಿದರು. ಎಂಬತ್ತು ದಾಟಿ ಬದುಕಿದರು ಮಾವ. ನನ್ನನ್ನು ಮುಂಬಯಿ ಬಸ್ಸಿಗೆ ಹತ್ತಿಸಿದವರೂ ಅವರೇ.

ಆ ಚೀಟಿ ಪವಾಡದಿಂದ ನಡೆದದ್ದಲ್ಲ. 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಯಿತು. ಬಡ ದೇಶದಲ್ಲಿ ಹಳ್ಳಿಯವನಿಗೆ ಕ್ಷಯದ ಔಷಧ ಮುಟ್ಟಿಸುವುದು ಹೇಗೆ ಅಂತ ಅಲ್ಲಿನವರು ಊರೂರು ತಿರುಗಿ ಲೆಕ್ಕ ಹಾಕಿದರು. ಅದರ ಮೇಲೆ 1962ರಲ್ಲಿ ದೇಶದ ಕ್ಷಯ ಕಾರ್ಯಕ್ರಮ ಕಟ್ಟಿದರು, ಜಿಲ್ಲೆಗೊಂದು ಕೇಂದ್ರ ಅಂತ. ಅದೇ ಹೊತ್ತಿಗೆ ಮದರಾಸಿನಲ್ಲಿ ಇನ್ನೊಂದು ಅಧ್ಯಯನ ನಡೆಯಿತು. ಸ್ಯಾನಿಟೋರಿಯಂನಲ್ಲಿ ಮಲಗಿಸುವುದೇ ಬೇಡ, ಮನೆಯಲ್ಲಿದ್ದು ಮಾತ್ರೆ ನುಂಗಿದರೂ ಅಷ್ಟೇ ಚೆನ್ನಾಗಿ ಗುಣವಾಗುತ್ತದೆ ಅಂತ ಅದು ತೋರಿಸಿಕೊಟ್ಟಿತು. ಬೇರೆ ದೇಶಗಳೂ ಅದನ್ನೇ ಹಿಡಿದವು. ಅಂದರೆ ಕ್ಷಯದ ವಿಷಯದಲ್ಲಿ ನಮ್ಮ ದಕ್ಷಿಣದವರು ಜಗತ್ತಿಗೆ ಪಾಠ ಹೇಳಿದವರು. ಬೊಂಬಾಯಿಯ ಚೀಟಿ ಮಂಗಳೂರಿನಲ್ಲಿ ನಡೆಯುವ ಹಾಗೆ ಅರವತ್ತು ವರ್ಷದ ಹಿಂದೆಯೇ ಮಾಡಿದವರಿಗೆ, ಮುಂಬಯಿಯ ಚೀಟಿ ಅಛಾಮಿನಲ್ಲಿ ನಡೆಯುವ ಹಾಗೆ ಮಾಡುವುದು ಕಷ್ಟವೇ?

ಔಷಧವೂ ಹೆಚ್ಚುಕಡಿಮೆ ಅದೇ. ಎರಡೂ ದೇಶದಲ್ಲಿ ಆರು ತಿಂಗಳು, ಎರಡೂ ದೇಶದಲ್ಲಿ ಪುಕ್ಕಟೆ. ಕೊರತೆ ಇರುವುದು ನಡುವಿನ ಸೇತುವೆಯ ಮೇಲೆ.

‘ಅವರು ನಮ್ಮ ಪ್ರಜೆಗಳಲ್ಲವಲ್ಲ’ ಅಂತ ಒಬ್ಬರು ನನ್ನ ಮುಖಕ್ಕೇ ಹೇಳಿದರು. ಸರಿ, ಅಲ್ಲ. ಆದರೆ 1950ರ ಒಪ್ಪಂದದ ಏಳನೇ ವಿಧಿ ಏನು ಹೇಳುತ್ತದೆ? ಒಂದು ದೇಶದವರು ಇನ್ನೊಂದರಲ್ಲಿ ವಾಸ ಮಾಡಬಹುದು, ಆಸ್ತಿ ಮಾಡಬಹುದು, ವ್ಯಾಪಾರ ಮಾಡಬಹುದು, ಓಡಾಡಬಹುದು, ಅಂಥದೇ ಬೇರೆ ಸವಲತ್ತುಗಳನ್ನೂ ಪಡೆಯಬಹುದು. ಆ ‘ಬೇರೆ ಸವಲತ್ತಿ’ನೊಳಗೆ ಆರು ತಿಂಗಳ ಮಾತ್ರೆ ಹಿಡಿಯುವುದಿಲ್ಲವೇ? 1,751 ಕಿಲೋಮೀಟರ್ ಗಡಿಯನ್ನು ತೆರೆದಿಟ್ಟುಕೊಂಡು, ಜನ ಬರಲಿ, ಕೆಲಸ ಮಾಡಲಿ, ಕೆಮ್ಮು ಮಾತ್ರ ಅಲ್ಲೇ ಬಿಟ್ಟು ಬರಲಿ ಅಂದರೆ ಆಗುತ್ತದೆಯೇ? ಕೆಮ್ಮು ಒಂದೇ ದಿಕ್ಕಿಗೆ ಹೋಗುವುದೂ ಇಲ್ಲ. ಅಛಾಮಿನ ಕಡೆ ಎಚ್‌ಐವಿಗೆ ‘ಬಂಬೈ ರೋಗ’ ಅನ್ನುತ್ತಿದ್ದರಂತೆ. ಇಲ್ಲಿಂದ ತೆಗೆದುಕೊಂಡು ಹೋದದ್ದು ಅಂತ. ಆ ಹೆಸರು ಕೇಳಿದ ದಿನ ನನಗೆ ನಾಚಿಕೆಯಾಯಿತು. ನಮ್ಮ ಊರು ಅಲ್ಲಿ ಒಂದು ಕಾಯಿಲೆಯ ಹೆಸರು.

ಜಗತ್ತಿನ ಕ್ಷಯ ರೋಗಿಗಳಲ್ಲಿ ಸುಮಾರು ಕಾಲು ಭಾಗ ಭಾರತದಲ್ಲಿದ್ದಾರೆ. 2025ರೊಳಗೆ ಕ್ಷಯ ಮುಗಿಸುತ್ತೇವೆ ಅಂತ 2018ರಲ್ಲಿ ದಿಲ್ಲಿಯಲ್ಲಿ ಘೋಷಿಸಿದಿರಿ. ನೇಪಾಳ 2018-19ರಲ್ಲಿ ಮನೆಮನೆಗೆ ಹೋಗಿ ಸಮೀಕ್ಷೆ ಮಾಡಿದಾಗ, ಅಂದುಕೊಂಡಿದ್ದಕ್ಕಿಂತ ಬಹಳ ಜಾಸ್ತಿ ಕ್ಷಯ ಇದೆ ಅಂತ ಗೊತ್ತಾಯಿತು. ಎರಡೂ ಮನೆಗೆ ಬೆಂಕಿ ಬಿದ್ದಿದೆ, ಬಾವಿ ಮಾತ್ರ ಬೇರೆ ಬೇರೆ ಅಂದ ಹಾಗಾಯಿತು.

ಒಟ್ಟಿಗೆ ಸೇರಿದರೆ ಆಗುತ್ತದೆ ಅನ್ನುವುದಕ್ಕೆ ನಾನು ಹೊರದೇಶದ ಉದಾಹರಣೆ ಹುಡುಕಬೇಕಾಗಿಲ್ಲ. ನೀವೇ ಮಾಡಿ ತೋರಿಸಿದ್ದೀರಿ. ಕಾಲಾ ಅಜಾರ್ ಅಂತ ಒಂದು ಜ್ವರ. ಮರಳುನೊಣ ಕಚ್ಚಿ ಬರುತ್ತದೆ, ಗುಲ್ಮ ಉಬ್ಬುತ್ತದೆ, ಔಷಧ ಸಿಗದಿದ್ದರೆ ಸಾವೇ. ಬಿಹಾರ, ನೇಪಾಳದ ತರಾಯಿ ಬಯಲು, ಬಾಂಗ್ಲಾದೇಶ, ಈ ಮೂರು ಕಡೆ ಬಡವರನ್ನು ಹುಡುಕಿ ಹುಡುಕಿ ತಿನ್ನುತ್ತಿತ್ತು. 2005ರಲ್ಲಿ ಭಾರತ, ನೇಪಾಳ, ಬಾಂಗ್ಲಾದೇಶ ಸೇರಿ ಸಹಿ ಹಾಕಿದವು. ಗುರಿಯೂ ಒಂದೇ ಅಳತೆಯದು. 10,000 ಜನಕ್ಕೆ ವರ್ಷಕ್ಕೆ ಒಂದು ಪ್ರಕರಣಕ್ಕಿಂತ ಕಡಿಮೆ ಮಾಡಬೇಕು. 2015ರೊಳಗೆ ಅಂದುಕೊಂಡಿದ್ದರು, ಆಗಲಿಲ್ಲ. ಬಿಡಲಿಲ್ಲ. 2014ರಲ್ಲಿ ಢಾಕಾದಲ್ಲಿ ಮತ್ತೆ ಕೂತರು, ಭೂತಾನ್, ಥಾಯ್ಲೆಂಡ್ ಕೂಡ ಸೇರಿದವು. 2023ರಲ್ಲಿ ಬಾಂಗ್ಲಾದೇಶ ಗುರಿ ಮುಟ್ಟಿತು ಅಂತ ವಿಶ್ವ ಆರೋಗ್ಯ ಸಂಸ್ಥೆ ಮುದ್ರೆ ಒತ್ತಿತು. ಜಗತ್ತಿನಲ್ಲೇ ಮೊದಲ ದೇಶ. ಇದು ನಮ್ಮ ಪೇಪರುಗಳಲ್ಲಿ ಒಂದು ಮೂಲೆಯಲ್ಲಿ ಬಂದು ಹೋಯಿತು. ಕ್ರಿಕೆಟಿನಲ್ಲಿ ಸೋತಿದ್ದರೆ ಮೊದಲ ಪುಟದಲ್ಲಿ ಬರುತ್ತಿತ್ತು ಬಿಡಿ.

ಸಿಡುಬಿನ ಕತೆ ಇನ್ನೂ ಹಳೆಯದು. ಭಾರತದ ಕೊನೆಯ ಸಿಡುಬು ರೋಗಿ ಸಿಕ್ಕಿದ್ದು 1975ರ ಮೇ ತಿಂಗಳಲ್ಲಿ, ಅಸ್ಸಾಮಿನ ಕರೀಂಗಂಜ್ ರೈಲು ನಿಲ್ದಾಣದಲ್ಲಿ. ಬಾಂಗ್ಲಾದೇಶದಿಂದ ಬಂದ ಒಬ್ಬ ಬಡ ಹೆಂಗಸು. ಆಕೆಯನ್ನು ಗಡಿಯಾಚೆ ದಬ್ಬಿ ಕೈತೊಳೆದುಕೊಂಡಿದ್ದರೆ ರೋಗ ಮುಗಿಯುತ್ತಿರಲಿಲ್ಲ. ಅಲ್ಲೇ ಇಟ್ಟು ನೋಡಿಕೊಂಡರು, ಸುತ್ತಮುತ್ತಲಿನವರಿಗೆ ಲಸಿಕೆ ಹಾಕಿದರು. ಅದೇ ವರ್ಷ ಅಕ್ಟೋಬರಿನಲ್ಲಿ ಬಾಂಗ್ಲಾದೇಶದ ಭೋಲಾ ದ್ವೀಪದ ಒಂದು ಪುಟ್ಟ ಹುಡುಗಿಯ ಮೈಮೇಲೆ ಆ ದೊಡ್ಡ ಸಿಡುಬಿನ ಕತೆಯೇ ಮುಗಿಯಿತು. ಪಕ್ಕದ ಮನೆಯಲ್ಲಿ ಇರುವವರೆಗೆ ನಮ್ಮ ಮನೆಯಲ್ಲೂ ಇದ್ದ ಹಾಗೇ ಅಂತ ಆಗಿನವರಿಗೆ ಗೊತ್ತಿತ್ತು.

ನಡುವೆ ಬಿಟ್ಟರೆ ಏನಾಗುತ್ತದೆ ಅನ್ನುವುದನ್ನು ಶ್ರೀಲಂಕಾವನ್ನು ಕೇಳಬೇಕು. 1963ರಲ್ಲಿ ಆ ಇಡೀ ದೇಶದಲ್ಲಿ ಮಲೇರಿಯಾ ಬಂದದ್ದು ಹದಿನೇಳೇ ಜನಕ್ಕೆ. ಗೆದ್ದೆವು ಅಂತ ಕೈ ಸಡಿಲ ಬಿಟ್ಟರು. ಐದಾರು ವರ್ಷದಲ್ಲಿ ಲಕ್ಷಗಟ್ಟಲೆ ಜನರಿಗೆ ತಿರುಗಿ ಬಂತು. ಮತ್ತೆ ಹೆಣಗಿ 2016ರಲ್ಲಿ ಮಲೇರಿಯಾಮುಕ್ತ ಅನ್ನಿಸಿಕೊಂಡರು. ನಮ್ಮ ಹುಡುಗನದೂ ಇದೇ ಕತೆ ಅಲ್ವಾ? ಕೆಮ್ಮು ನಿಂತಿತು, ಮಾತ್ರೆ ನಿಲ್ಲಿಸಿದ. ದೇಶವಾದರೇನು, ಮನುಷ್ಯನಾದರೇನು.

ಹೊಸ ಕಚೇರಿ ಕಟ್ಟಿ ಅಂತ ನಾನು ಕೇಳುತ್ತಿಲ್ಲ. ಇರುವ ಕಚೇರಿಗಳೇ ಬೇಕಾದಷ್ಟಿವೆ. ಸಾರ್ಕ್ ಅಂತ ಎಂಟು ದೇಶಗಳ ಒಕ್ಕೂಟ ಇದೆ, 1985ರಿಂದ. ಅದರ ಕಚೇರಿ ಕಾಠ್ಮಂಡುವಿನಲ್ಲೇ ಇದೆ. ಅದಕ್ಕೆ ಕ್ಷಯ ರೋಗಕ್ಕೆಂದೇ ಒಂದು ಕೇಂದ್ರವೂ ಇದೆ, ಭಕ್ತಪುರದ ಥಿಮಿಯಲ್ಲಿ. ಶುರುವಾದದ್ದು 1992ರಲ್ಲಿ. ಮೂವತ್ತು ವರ್ಷ ದಾಟಿತು. ಆದರೆ ಎಂಟು ದೇಶಗಳ ನಾಯಕರು ಒಂದೇ ಕೋಣೆಯಲ್ಲಿ ಕೂತು ಸಾರ್ಕ್ ಶೃಂಗಸಭೆ ನಡೆಸಿದ್ದು 2014ರಲ್ಲಿ, ಅದೇ ಕೊನೆ. 2016ರಲ್ಲಿ ಇಸ್ಲಾಮಾಬಾದಿನಲ್ಲಿ ಆಗಬೇಕಿದ್ದದ್ದು ಆಗಲಿಲ್ಲ. ಕಾರಣ ನಮಗೆಲ್ಲ ಗೊತ್ತು, ಆ ಜಗಳಕ್ಕೆ ನಾನು ಬಾಯಿ ಹಾಕುವುದಿಲ್ಲ. 2020ರ ಮಾರ್ಚಿನಲ್ಲಿ ಕೊರೊನಾ ಬಂದಾಗ ಮಾತ್ರ ಎಂಟೂ ದೇಶದವರು ಟೀವಿ ಪರದೆಯ ಮೇಲೆ ಸೇರಿದರು. ಭಾರತ ಒಂದು ಕೋಟಿ ಡಾಲರ್ ಕೊಡುತ್ತೇನೆ ಅಂತು. ಅದೇ ತಿಂಗಳ ಕೊನೆಯಲ್ಲಿ ಗಡಿ ಮುಚ್ಚಿತು. ಗಡಿಯ ಈ ಕಡೆ ಧಾರ್ಚುಲಾದಲ್ಲಿ ಸಿಕ್ಕಿಬಿದ್ದ ನೇಪಾಳಿ ಕೂಲಿಗಳಲ್ಲಿ ಕೆಲವರು ಮಹಾಕಾಳಿ ನದಿಗೆ ಹಾರಿ ಈಜಿ ಊರು ಸೇರಲು ನೋಡಿದರು. ನಮ್ಮ ಹೋಟೆಲಿನ ಹುಡುಗರು ಮೊಬೈಲಿನಲ್ಲಿ ಅದನ್ನು ತೋರಿಸಿ, ‘ಸೇಠ್, ಇದು ನಮ್ಮ ನದಿ’ ಅಂದರು. ನಾನು ಏನೂ ಹೇಳಲಿಲ್ಲ.

ಲಸಿಕೆಯ ವಿಷಯದಲ್ಲೂ ಹಾಗೇ ಆಯಿತು. 2021ರ ಜನವರಿಯಲ್ಲಿ ಇಲ್ಲೇ ಪಕ್ಕದ ಪುಣೆಯಲ್ಲಿ ತಯಾರಾದ ಕೋವಿಶೀಲ್ಡ್ ಮೊದಲು ಹೋದದ್ದು ಭೂತಾನ್, ಮಾಲ್ಡೀವ್ಸ್, ನೇಪಾಳ, ಬಾಂಗ್ಲಾದೇಶಗಳಿಗೆ. ಭೂತಾನ್ ಅದೇ ಲಸಿಕೆಯಿಂದ ಎರಡೇ ವಾರದಲ್ಲಿ ತನ್ನ ದೊಡ್ಡವರಲ್ಲಿ ಹೆಚ್ಚಿನ ಪಾಲು ಜನರಿಗೆ ಮೊದಲ ಡೋಸ್ ಹಾಕಿ ಮುಗಿಸಿತು. ಓದಿದಾಗ ಎದೆ ಉಬ್ಬಿತು. ಆಮೇಲೆ ನಮ್ಮಲ್ಲೇ ಎರಡನೇ ಅಲೆ ಎದ್ದಿತು, ರಫ್ತು ನಿಂತಿತು. ಆಗ ನಮ್ಮ ಮನೆಯಲ್ಲೇ ಹೆಣ ಎತ್ತುವವರಿರಲಿಲ್ಲ, ತಪ್ಪು ಅನ್ನುವ ಧೈರ್ಯ ನನಗಿಲ್ಲ. ಆದರೆ ನೇಪಾಳದಲ್ಲಿ ಮೊದಲ ಡೋಸ್ ಹಾಕಿಸಿಕೊಂಡ ಲಕ್ಷಾಂತರ ಮುದುಕರು ಎರಡನೆಯದಕ್ಕೆ ತಿಂಗಳುಗಟ್ಟಲೆ ಕಾದರು. ನಮ್ಮ ದೋಸೆ ಭಟ್ಟನ ಅಜ್ಜಿ ಅವರಲ್ಲಿ ಒಬ್ಬರು. ಶುರು ಮಾಡುವುದು ಜೋರು, ಮುಗಿಸುವುದು ದೇವರ ಮೇಲೆ. ಕ್ಷಯಕ್ಕೆ ಈ ಅಭ್ಯಾಸ ಆಗಿಬರುವುದಿಲ್ಲ.

ಒಂದು ವಿಚಿತ್ರ ನೋಡಿ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಪಾಕಿಸ್ತಾನ, ಅಫ್ಘಾನಿಸ್ತಾನ ಬೇರೆ ವಲಯ. ಅವರ ಪ್ರಾದೇಶಿಕ ಕಚೇರಿ ಕೈರೋದಲ್ಲಿದೆ. ಅಮೃತಸರಕ್ಕೂ ಲಾಹೋರಿಗೂ ಇರುವ ದೂರ ಮುಂಬಯಿಯಿಂದ ಲೋಣಾವಳದಷ್ಟೂ ಇಲ್ಲ, ಆದರೆ ಆರೋಗ್ಯದ ಕಾಗದ ಒಂದು ದಿಲ್ಲಿಗೆ ಹೋಗುತ್ತದೆ, ಇನ್ನೊಂದು ಈಜಿಪ್ಟಿಗೆ. ಭಾರತ, ನೇಪಾಳಕ್ಕೆ ಆ ತೊಂದರೆಯೂ ಇಲ್ಲ. ನಿಮ್ಮಿಬ್ಬರಿಗೂ ಒಂದೇ ಕಚೇರಿ, ಅದೂ ದಿಲ್ಲಿಯಲ್ಲೇ. ಹಾಗಾಗಿ ಎಂಟೂ ದೇಶ ಒಪ್ಪುವವರೆಗೆ ಕಾಯಬೇಡಿ. ನೀವಿಬ್ಬರು ಶುರು ಮಾಡಿ.

ನಾನು ಕೇಳುವುದು ಇಷ್ಟೇ. ಕ್ಷಯ ರೋಗಿಗೆ ಎರಡೂ ದೇಶದಲ್ಲಿ ನಡೆಯುವ ಒಂದೇ ಕಾರ್ಡ್ ಮಾಡಿ. ಯಾವ ದಿನ ಶುರು, ಯಾವ ಔಷಧ, ಎಷ್ಟು ದಿನ ಆಯಿತು, ಎಷ್ಟು ಬಾಕಿ, ಮಷಿನ್ನಿನ ಪರೀಕ್ಷೆಯಲ್ಲಿ ಏನು ಬಂತು. ಇಷ್ಟಿದ್ದರೆ ಸಾಕು. ಹಿಂದಿ, ನೇಪಾಳಿ, ಎರಡೂ ನಾಗರಿ ಲಿಪಿ. ಚುಟುಕು ಅಕ್ಷರ ಬೇಡ, ಬಿಡಿಸಿ ಬರೆಯಲಿ. ನಿಕ್ಷಯ್ ಪಟ್ಟಿಯಲ್ಲಿ ನೇಪಾಳದ ಜಿಲ್ಲೆಗಳನ್ನು ಸೇರಿಸಿ. ಮುಂಬಯಿಯಲ್ಲಿ ಒಂದು ಗುಂಡಿ ಒತ್ತಿದರೆ ಅಛಾಮಿನ ಚೌಕಿಗೆ ಗೊತ್ತಾಗಲಿ, ಇಂಥವನು ಬರುತ್ತಿದ್ದಾನೆ, ಇಂಥ ದಿನ ಮಾತ್ರೆ ಮುಗಿಯುತ್ತದೆ ಅಂತ. ಬಾರದಿದ್ದರೆ ಅವರು ಹುಡುಕಿಕೊಂಡು ಹೋಗಲಿ. ನೇಪಾಳದ ಸಚಿವರೇ, ನಿಮ್ಮ ಚೌಕಿಯವರಿಗೆ ಒಂದು ಮಾತು ಹೇಳಿ. ಭಾರತದಲ್ಲಿ ಶುರುವಾದ ಚಿಕಿತ್ಸೆಯನ್ನು ಮೊದಲಿಂದ ಶುರು ಮಾಡಿಸಬೇಕಾಗಿಲ್ಲ. ಮಾತ್ರೆ ಮೊದಲು ಕೊಡಲಿ, ಕಾಗದ ಆಮೇಲೆ ಸರಿಮಾಡಿಕೊಳ್ಳಲಿ.

ಬನ್‌ಬಸಾ, ಸೊನೌಲಿ, ರಕ್ಸೌಲ್‌ನಂಥ ಕಡೆ, ಜನ ದಾಟುವ ಜಾಗದಲ್ಲಿ, ಎರಡೂ ದೇಶದವರು ಸೇರಿ ಒಂದು ಮೇಜು ಹಾಕಿ. ಪೊಲೀಸರ ಮೇಜಿನ ಪಕ್ಕ ಬೇಡ, ಸ್ವಲ್ಪ ದೂರ ಇರಲಿ. ಪೊಲೀಸರನ್ನು ಕಂಡರೆ ಹುಡುಗರು ಕೆಮ್ಮನ್ನೂ ನುಂಗಿಕೊಳ್ಳುತ್ತಾರೆ. ಮಾತ್ರೆ ಮುಗಿದವನಿಗೆ ಅಲ್ಲೇ ಒಂದು ತಿಂಗಳದ್ದು ಸಿಗಬೇಕು. ದಸೈಂ, ತಿಹಾರ್ (ಅವರ ದೀಪಾವಳಿ) ಹಬ್ಬಗಳ ಸಮಯದಲ್ಲಿ ಇಬ್ಬರು ಜಾಸ್ತಿ ಕೂರಲಿ. ಪೌಷ್ಟಿಕ ಆಹಾರದ ಹಣವನ್ನು ಈ ದೇಶದಲ್ಲಿ ಚಿಕಿತ್ಸೆ ಪಡೆಯುತ್ತಿರುವ ಯಾರಿಗೇ ಆಗಲಿ ಕೊಡಿ. ಆಧಾರ್ ಇಲ್ಲದವನ ಹಸಿವೆ ಬೇರೆ ಥರ ಇರುವುದಿಲ್ಲ.

ಇನ್ನು ನಮ್ಮ ಹೋಟೆಲಿನವರಿಗೆ ಎರಡು ಮಾತು. ಸಚಿವರು ಸ್ವಲ್ಪ ಹೊತ್ತು ಕಾಯಲಿ. ಈ ಪತ್ರ ಓದಿ ನಾಳೆ ಬೆಳಿಗ್ಗೆ ಕೆಮ್ಮುವ ಹುಡುಗನನ್ನೆಲ್ಲ ಮನೆಗೆ ಅಟ್ಟಿದರೆ, ಇದನ್ನು ಬರೆದ ಕೈಗೆ ನಾನೇ ಬರೆ ಹಾಕಿಕೊಳ್ಳಬೇಕಾಗುತ್ತದೆ. ಕ್ಷಯ ದೋಸೆಯಿಂದ ಹರಡುವುದಿಲ್ಲ, ತಟ್ಟೆ ಲೋಟದಿಂದ ಹರಡುವುದಿಲ್ಲ. ಗಾಳಿಯಿಂದ ಹರಡುತ್ತದೆ. ಕಿಟಕಿ ಇಲ್ಲದ ಖೋಲಿಯಲ್ಲಿ ಹನ್ನೊಂದು ಜನರನ್ನು ಮಲಗಿಸಿದವರು ನಾವು. ಸರಿಯಾದ ಮಾತ್ರೆ ಶುರುವಾದರೆ ಕೆಲವೇ ವಾರಗಳಲ್ಲಿ ಹರಡುವುದು ಬಹಳ ಕಡಿಮೆಯಾಗುತ್ತದೆ, ಆಮೇಲೆ ಡಾಕ್ಟರು ಹೇಳಿದಾಗ ಅವನು ಕೆಲಸಕ್ಕೆ ಬರಬಹುದು. ಅಲ್ಲಿಯವರೆಗೆ ಪಗಾರ ಕೊಟ್ಟು ಕೂರಿಸಿ. ಓಡಿಸಿದರೆ ಅವನು ಇನ್ನೊಂದು ಹೋಟೆಲಿಗೆ ಹೋಗಿ ಬಾಯಿ ಮುಚ್ಚಿಕೊಂಡು ಇರುತ್ತಾನೆ. ಆ ಹೋಟೆಲೂ ನಮ್ಮವರದೇ ಆಗಿರುತ್ತದೆ. ನಮ್ಮ ಅಪ್ಪ, ಮಾವ ಇದೇ ಖೋಲಿಗಳಲ್ಲಿ ಮಲಗಿ ಇದೇ ಕೆಮ್ಮು ಕೆಮ್ಮಿದವರು. ಮರೆತುಬಿಟ್ಟೆವು, ಅಷ್ಟೇ.

ಮಾನ್ಯರೇ, ಆ ಹುಡುಗನ ಹದಿನೆಂಟು ತಿಂಗಳು ಮುಗಿದಿದೆ. ಬದುಕಿದ್ದಾನೆ. ಒಂದು ಕಿವಿ ಸ್ವಲ್ಪ ಮಂದ, ಭಾರ ಎತ್ತಲು ಆಗುವುದಿಲ್ಲ. ಈಗ ಪಾರ್ಸಲ್ ಕಟ್ಟುತ್ತಾನೆ. ಆದರೆ ಅವನ ಖೋಲಿಯ ಇನ್ನೊಬ್ಬನಿಗೆ, ಆ ಎಕ್ಸ್‌ರೇಯಲ್ಲಿ ಏನೂ ಕಾಣದವನಿಗೆ, ಈಗ ಕೆಮ್ಮು ಬಂದಿದೆ. ಹತ್ತೊಂಬತ್ತು ವರ್ಷ. ಪರೀಕ್ಷೆ ಆಗಿದೆ, ಮಾಮೂಲಿ ಔಷಧಕ್ಕೆ ಬಗ್ಗುವ ಕ್ಷಯವೇ, ಪುಣ್ಯ. ಎರಡನೇ ತಿಂಗಳ ಮಾತ್ರೆ ನಡೆಯುತ್ತಿದೆ. ಅವನಿಗೂ ಊರಿನಲ್ಲಿ ತಾಯಿ ಇದ್ದಾಳೆ, ದಸೈಂ ಇದೆ. ದಿಲ್ಲಿ ರೈಲಿಗೆ ಟಿಕೆ‌ಟ್ ತೆಗೆದಿದ್ದಾನೆ. ಹೋಗಬೇಡ ಅನ್ನುವ ಬಾಯಿ ನನಗಿಲ್ಲ, ಕಾರ್ಕಳದ ಬಸ್ಸಿಗೆ ಕಾದು ಕೂತ ಹಬ್ಬಗಳು ನನಗೂ ನೆನಪಿವೆ.

ಮೊನ್ನೆ ಸಂಜೆ ಕಾಫಿ ತಂದಿಟ್ಟು, ‘ಅಂಕಲ್, ಅಲ್ಲಿ ತೋರಿಸೋಕೆ ನನಗೂ ಒಂದು ಚೀಟಿ ಬರೆಸಿಕೊಡ್ತೀರಾ?’ ಅಂತ ಕೇಳಿದ. ಯಾವ ಚೀಟಿ ಬರೆಸಲಿ, ಅದರಲ್ಲಿ ಏನಿದ್ದರೆ ಅಲ್ಲಿ ನಡೆಯುತ್ತದೆ, ದಯವಿಟ್ಟು ತಿಳಿಸಿ. ಅವನ ರೈಲಿಗೆ ಇನ್ನು ಐದು ವಾರ ಇದೆ.

ಇಂತಿ ನಿಮ್ಮ ವಿಶ್ವಾಸಿ,
ಗಲ್ಲೆಯಿಂದ ನಿವೃತ್ತನಾದ ಒಬ್ಬ ಹೋಟೆಲ್ ಕೆಲಸಗಾರ
ಮುಂಬಯಿ